ಹೊಗಿ ನೋಡು, ಸಪ್ಪಳ ಕೇಳಬ್ಯಾಡ

ಹೋದ ತಿಂಗಳು ಒಂದು ಬೆಳಿಗ್ಗೆ ಧಾರವಾಡದಲ್ಲಿ ವಾಕಿಂಗ್ ಮುಗಿಸಿ ಮೈದಾನದ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಅಲ್ಲಿ ಐದಾರು ಮಕ್ಕಳಿಗೆ ಓಟ ಕಲಿಸುವ ಒಬ್ಬ ಕೋಚ್ ಇದ್ದಾನೆ, ಇನ್ನೂ ಮೂವತ್ತು ದಾಟಿರದ ಹುಡುಗ. ಅವನು ಓಡೋಡಿ ಬಂದು ತನ್ನ ಮೊಬೈಲ್ ನನ್ನ ಕೈಗಿಟ್ಟ. “ಸರ್, ಒಂದೀಟು ಟೈಮ್ ಹಿಡೀರಿ. ಟೈಮ್ ಹಿಡಿಯೋ ಹುಡುಗ ಇವತ್ತ ಬಂದಿಲ್ಲ. ನಾ ಅಲ್ಲಿ ಚಪ್ಪಾಳಿ ಹೊಡೀತೀನಿ, ನೀವು ಒತ್ರಿ. ಆಕಿ ಗೆರಿ ದಾಟಿದ ಕೂಡ್ಲೆ ಮತ್ತ ಒತ್ರಿ. ಅಷ್ಟ ನೋಡ್ರಿ.”

ಅಷ್ಟೇ. ಚಿಕ್ಕ ಮಕ್ಕಳೂ ಮಾಡುವ ಕೆಲಸ. ನಾನು ಮಾತ್ರ ಮೊಬೈಲ್ ವಾಪಸ್ ಕೊಡಲು ಎದ್ದು ನಿಂತೆ. ಅಷ್ಟರಲ್ಲಿ ಅವನು ಮೈದಾನದ ಆ ತುದಿಗೆ ಹೋಗಿಯಾಗಿತ್ತು. ಅಂಗೈ ಬೆವರಿತು. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡೆ. ಓಟದ ಟೈಮ್ ಹಿಡಿಯುವುದನ್ನು ಬಿಟ್ಟು ನನಗೆ ಮೂವತ್ತು ವರ್ಷದ ಮೇಲಾಯಿತು. ಯಾಕೆ ಬಿಟ್ಟೆ ಅಂತ ಮನೆಯಲ್ಲೂ ಹೇಳಿಲ್ಲ. ಹೇಳುವಂಥ ದೊಡ್ಡ ಸಂಗತಿಯೂ ಅಲ್ಲ ಅದು. ಒಂದು ಸೆಕೆಂಡಿನ ಮೂರನೇ ಒಂದು ಪಾಲಿನಷ್ಟೂ ಇಲ್ಲ.

ಎಲ್ಲರೂ ಪಿ.ಟಿ. ಉಷಾನೇ

ನಮ್ಮ ಕಾಲದಲ್ಲಿ ಜೋರಾಗಿ ಓಡುವ ಹುಡುಗಿಗೆ ಎರಡೇ ಹೆಸರು. ಊರಿನ ಹಿರಿಯರು ‘ಚಿಗರಿ’ ಅನ್ನುತ್ತಿದ್ದರು. ಸಾಲಿ ಹುಡುಗರು ‘ಪಿ.ಟಿ. ಉಷಾ’ ಅನ್ನುತ್ತಿದ್ದರು. ಚಿಗರಿ ಅನ್ನೋದು ಈಗ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿನ ಹೆಸರಾಗಿದೆ. ಉಷಾ ಮಾತ್ರ ಇನ್ನೂ ಹಾಗೇ ಉಳಿದಿದ್ದಾರೆ. ಅವ್ವ ಕರೆದಾಗ ಅಂಗಡಿಗೆ ಓಡದೇ ನಿಂತರೆ “ಭಾಳ ಪಿ.ಟಿ. ಉಷಾ ಆಗೀದಿ, ಈಗ್ಯಾಕ ಕಾಲು ಬರವಲ್ವು?” ಅಂತ ಬೈಗುಳಕ್ಕೂ ಆ ಹೆಸರು ಬರುತ್ತಿತ್ತು. ಇನ್ನೊಂದು ತಮಾಷೆ ಅಂದ್ರೆ, ನಾನು ಏಳನೇ ಇಯತ್ತೆ ಮುಗಿಸುವವರೆಗೂ ಉಷಾ ಎಲ್ಲೋ ಪಿ.ಟಿ. ಟೀಚರ್ ಇರಬೇಕು ಅಂದುಕೊಂಡಿದ್ದೆ. ನಮ್ಮ ಸಾಲಿಯ ಪಿ.ಟಿ. ಮಾಸ್ತರರ ಹಾಗೆ. ಪಿಲಾವುಳ್ಳಕಂಡಿ ತೆಕ್ಕೆಪರಂಬಿಲ್ ಅನ್ನೋದು ಮನೆತನದ ಹೆಸರು ಅಂತ ಗೊತ್ತಾದಾಗ ಸ್ವಲ್ಪ ಬೇಜಾರೇ ಆಯಿತು.

1984ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಏನಾಯಿತು ಅಂತ ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. 400 ಮೀಟರ್ ಹರ್ಡಲ್ಸ್ ಫೈನಲ್. ರುಮೇನಿಯಾದ ಕ್ರಿಸ್ತಿಯಾನಾ ಕೊಜೊಕಾರು 55.41, ಉಷಾ 55.42. ಕಂಚು ಹೋಯಿತು. ನಮ್ಮಪ್ಪ ಪೇಪರ್ ಓದುತ್ತಾ “ನೂರರಾಗ ಒಂದು ಅಂದ್ರ ಎಷ್ಟಪಾ?” ಅಂತ ಕೇಳಿದ್ದು ನೆನಪಿದೆ. ಆಗ ಹೇಳಲು ಬರಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. 400 ಮೀಟರನ್ನು 55.42ರಿಂದ ಭಾಗಿಸಿದರೆ ಸೆಕೆಂಡಿಗೆ ಏಳು ಮೀಟರ್ ಚಿಲ್ಲರೆ. ಅದರ ನೂರನೇ ಒಂದು ಪಾಲು ಏಳು ಸೆಂಟಿಮೀಟರ್. ಧಾರವಾಡದ ಎರಡು ಪೇಡೆ ಪಕ್ಕಪಕ್ಕ ಇಟ್ಟರೆ ಎಷ್ಟಾಗುತ್ತದೋ ಅಷ್ಟು. ಗೆರೆಯ ಮೇಲೆ ಲೆಕ್ಕಕ್ಕೆ ಬರುವುದು ತಲೆಯಲ್ಲ, ಕೈಯಲ್ಲ, ಕಾಲಲ್ಲ, ಮುಂಡ ಮಾತ್ರ. ಅದಕ್ಕೇ ಓಟಗಾರರು ಕೊನೆಯಲ್ಲಿ ಎದೆ ಮುಂದೆ ಚಾಚಿ ಬೀಳುವಂತೆ ಬರುತ್ತಾರೆ. ಉಷಾ ಆ ಕ್ಷಣ ಎದೆ ಚಾಚುವುದರಲ್ಲಿ ಹಿಂದೆ ಬಿದ್ದರು ಅನ್ನುತ್ತಾರೆ. ಅದಕ್ಕೂ ಮೊದಲು ಒಬ್ಬರು ಫೌಲ್ ಸ್ಟಾರ್ಟ್ ಮಾಡಿ ಓಟ ಎರಡನೇ ಸಲ ಶುರುವಾಗಿತ್ತು. ಒಲಿಂಪಿಕ್ಸ್ ಹಳ್ಳಿಯಲ್ಲಿ ತನಗೆ ಒಗ್ಗುವ ಊಟ ಇರಲಿಲ್ಲ, ಗಂಜಿ ಉಪ್ಪಿನಕಾಯಿ ಉಂಡು ಓಡಿದೆ ಅಂತ ಎಷ್ಟೋ ವರ್ಷದ ಮೇಲೆ ಅವರೇ ಹೇಳಿದರು. ಹೀಗೆ ಆ ಏಳು ಸೆಂಟಿಮೀಟರಿಗೆ ಹತ್ತು ಕಾರಣ ಹುಡುಕಬಹುದು. ಆದರೆ ಎಷ್ಟಕ್ಕೆ ಸೋತರು ಅನ್ನುವುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಅದನ್ನು ಅಳೆದದ್ದು ಕ್ಯಾಮೆರಾ.

ನನ್ನನ್ನು ಕಾಡುವುದು ಆ ಕ್ಯಾಮೆರಾ ಇರದ ಓಟಗಳು.

ಎರಡು ವಾಚು, ಎರಡು ಹೆಬ್ಬೆರಳು

1991. ನಾನಾಗ ಡಿಗ್ರಿ ಎರಡನೇ ವರ್ಷ. ಗದಗ, ಹಾವೇರಿ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ. 1997ರವರೆಗೆ ಎಲ್ಲ ಒಂದೇ ಧಾರವಾಡ ಜಿಲ್ಲೆ. ಹಾಗಾಗಿ ಜಿಲ್ಲಾ ಮಟ್ಟದ ಸ್ಪೋರ್ಟ್ಸ್ ಅಂದರೆ ರೋಣ, ಮುಂಡರಗಿ, ಹಾನಗಲ್ಲು, ರಾಣೆಬೆನ್ನೂರು, ಎಲ್ಲ ಕಡೆಯ ಮಕ್ಕಳೂ ರಾತ್ರಿ ಬಸ್ಸು ಹತ್ತಿ ಬರುತ್ತಿದ್ದರು. ನಮ್ಮ ಓಣಿಯಲ್ಲೇ ಇದ್ದ ಒಬ್ಬ ಪಿ.ಟಿ. ಮಾಸ್ತರು ನನ್ನನ್ನು ಸುಮ್ನೆ ಕೈಗೊಂದು ಆಳು ಅಂತ ಕರೆದುಕೊಂಡು ಹೋಗಿದ್ದರು. ಸುಣ್ಣದ ಗೆರೆ ಹಾಕು, ನಂಬರಿನ ಬಟ್ಟೆಗೆ ಪಿನ್ನು ಹಚ್ಚು, ಚಹಾ ತಾ, ಇಂಥವು. ನನಗೆ ಅದೇ ದೊಡ್ಡ ಹೆಮ್ಮೆ. ಕೊರಳಿಗೆ ಒಂದು ರಿಬ್ಬನ್ ಬೇರೆ ಹಾಕಿದ್ದರು.

ಮಾಸ್ತರು ಟೈಮ್ ಹಿಡಿಯುವುದನ್ನು ನೋಡುವುದೇ ಚಂದ. ಗೆರೆಗೆ ಸರಿಯಾಗಿ ಒಂದು ಸ್ಟೂಲಿನ ಮೇಲೆ ನಿಲ್ಲುತ್ತಿದ್ದರು. ವಾಚನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನ ಗೆಣ್ಣು ಗುಂಡಿಯ ಮೇಲೆ ಇಟ್ಟು, ಮೊದಲೇ ಅರ್ಧ ಒತ್ತಿ, ಗುಂಡಿಯಲ್ಲಿದ್ದ ಸಡಿಲ ತೆಗೆದಿರುತ್ತಿದ್ದರು. ಕಣ್ಣು ರೆಪ್ಪೆ ಹೊಡೆಯುತ್ತಿರಲಿಲ್ಲ. ಅತ್ತ ಪಿಸ್ತೂಲಿನ ಬಾಯಿಯಲ್ಲಿ ಬಿಳೇ ಹೊಗೆ ಹೂವಿನ ಹಾಗೆ ಅರಳಿದ ಕೂಡಲೇ ಇತ್ತ ‘ಟಕ್’. ಆಮೇಲೆ ನಮಗೆ ಸದ್ದು ಕೇಳುತ್ತಿತ್ತು. ಅವರ ವಾಚು ಸದ್ದಿಗಿಂತ ಮೊದಲು ಓಡಲು ಶುರು ಮಾಡುವುದನ್ನು ನೋಡಿ ನಾನು, ಮಾಸ್ತರು ಗಡಿಬಿಡಿ ಮಾಡಿದರು ಅಂತಲೇ ತಿಳಿದಿದ್ದೆ.

ಆ ದಿನ ಹುಡುಗಿಯರ ನೂರು ಮೀಟರ್ ಬರುವಷ್ಟರಲ್ಲಿ ಸಂಜೆ ಐದೂವರೆ. ಮುಗಿಲಲ್ಲಿ ಮೋಡ ಕಟ್ಟಿತ್ತು. ಎರಡು ಹೀಟ್, ಅಂದರೆ ಫೈನಲ್‌ಗೆ ಆರಿಸಲು ಗುಂಪು ಮಾಡಿ ಓಡಿಸುವ ಓಟ, ಓಡಿಸಿ, ಮರುದಿನ ಬೆಳಿಗ್ಗೆ ಫೈನಲ್ ಅಂತ ಇತ್ತು. ಆದರೆ ದೂರದ ಊರಿನವರು ರಾತ್ರಿ ಬಸ್ಸಿಗೆ ಹೋಗಬೇಕು, ಮಳೆ ಬಂದರೆ ಮೈದಾನ ಕೆಸರಾಗುತ್ತದೆ ಅಂತ ಚರ್ಚೆಯಾಗಿ, ಫೈನಲ್ ಬೇಡ, ಎರಡೂ ಹೀಟಿನ ಟೈಮ್ ನೋಡಿ ಮೊದಲ ಇಬ್ಬರನ್ನು ವಿಭಾಗ ಮಟ್ಟಕ್ಕೆ ಕಳಿಸೋಣ ಅಂತ ತೀರ್ಮಾನ ಆಯಿತು. ಕೆಲಸ ಮಾಡುವ ವಾಚು ಎರಡೇ ಇದ್ದವು. ಮೊದಲು ಬಂದವರಿಗೆ ಒಂದು, ಎರಡನೆಯವರಿಗೆ ಒಂದು.

ಮೊದಲ ಹೀಟಿನಲ್ಲಿ ರೋಣದ ಕಡೆಯ ಒಂದು ಹುಡುಗಿ. ಬರಿಗಾಲು. ಎರಡು ಜಡೆ ಹಾಕಿ ಅದನ್ನೇ ಮೇಲಕ್ಕೆ ಮಡಚಿ ಕಟ್ಟಿದ್ದಳು, ಕೆಂಪು ರಿಬ್ಬನ್ನು. ಆಕೆ ಓಡಿದಳು ಅನ್ನುವುದಕ್ಕಿಂತ, ಉಳಿದವರು ನಿಂತಂತೆ ಕಂಡರು. ಮಾಸ್ತರು ವಾಚು ನೋಡಿ 13.4 ಅಂತ ಬರೆಸಿದರು. ಅಷ್ಟರಲ್ಲಿ ಉದ್ದಜಿಗಿತದ ಕಡೆ ಏನೋ ಜಗಳ ಹತ್ತಿ, ಅವರನ್ನೂ ಇನ್ನೊಬ್ಬ ಟೈಮ್‌ಕೀಪರನ್ನೂ ಅಲ್ಲಿಗೆ ಕರೆದರು. ಮಾಸ್ತರು ಹೋಗುವಾಗ ಎರಡೂ ವಾಚನ್ನು ನನ್ನ ಕೈಗೆ ಹಾಕಿದರು. “ಎರಡನೇ ಹೀಟು ನೀ ಹಿಡಿ ತಮ್ಮಾ. ನೋಡೀಯಲ್ಲ?”

ನೋಡಿದ್ದೆ. ಬಲಗೈಯಲ್ಲೊಂದು, ಎಡಗೈಯಲ್ಲೊಂದು. ಸ್ಟೂಲು ಹತ್ತಿದೆ. ಎಷ್ಟು ಉಬ್ಬಿದ್ದೆನೆಂದರೆ, ಕಾಲೇಜಿನವರು ಯಾರಾದರೂ ನನ್ನನ್ನು ನೋಡುತ್ತಿದ್ದಾರಾ ಅಂತ ಜನರ ಕಡೆಯೇ ನೋಡುತ್ತಿದ್ದೆ. ‘ಢಂ’ ಅಂತ ಕೇಳಿತು. ಎರಡೂ ಹೆಬ್ಬೆರಳು ಒತ್ತಿದೆ. ಗೆರೆ ದಾಟಿದಾಗ ಬಲಗೈ 13.2, ಎಡಗೈ 13.3. ಬರೆಸಿದೆ. ರೋಣದ ಹುಡುಗಿ ಮೂರನೆಯವಳಾದಳು.

ಆಕೆಯ ಅಪ್ಪ ಬಂದಿದ್ದ. ದೋತರ, ಟೊಪಗಿ, ಹೆಗಲಿಗೆ ಬುತ್ತಿಯ ಚೀಲ. ರಿಬ್ಬನ್ ಹಾಕಿದ್ದ ನಾನೇ ದೊಡ್ಡ ಸಾಹೇಬನ ಹಾಗೆ ಕಂಡಿರಬೇಕು. “ಎಷ್ಟರಾಗ ಓಡಿದ್ಲರೀ ನಮ್ಮ ಹುಡುಗಿ?” ಅಂತ ಕೇಳಿದ. 13.4 ಅಂದೆ. “ಛಲೋನ್ರೀ ಅದು?” ಛಲೋನೇ, ಆದರೆ ಇಬ್ಬರು ಇನ್ನೂ ಜೋರು ಓಡ್ಯಾರ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. “ನಮ್ಮೂರಾಗ ಎರಿ ಹೊಲದ ದಾರೀರಿ. ಮಳಿಗಾಲದಾಗ ಕಾಲಿಗೆ ಒಂದೊಂದು ಸೇರು ಮಣ್ಣು ಹತ್ತತೈತಿ. ಅದರಾಗ ಓಡಿ ಓಡಿ ಕಲತಾಳ,” ಅಂದ. ಆಮೇಲೆ ಚೀಲ ಬಿಚ್ಚಿ ನನಗೂ ಒಂದು ಕಟಕ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟ. ತಿಂದೆ. ಹುಡುಗಿ ದೂರದಲ್ಲಿ ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದಳು, ನಮ್ಮ ಕಡೆ ನೋಡಲಿಲ್ಲ.

0.29

ಮನೆಗೆ ಬರುವಾಗ ಮಾಸ್ತರ ಸೈಕಲ್ಲಿನ ಹಿಂದೆ ಕೂತಿದ್ದೆ. ಸುಮ್ನೆ ಮಾತಿಗೆ ಮಾತು ಬಂದು, “ನೀವು ಯಾಕ್ರಿ ಸರ್ ಢಂ ಅನ್ನೂದಕ್ಕಿಂತ ಮೊದಲ ಒತ್ತಿಬಿಡ್ತೀರಿ?” ಅಂತ ಕೇಳಿದೆ. ಅವರು ಸೈಕಲ್ ನಿಲ್ಲಿಸಿಬಿಟ್ಟರು. ಕಾಲು ನೆಲಕ್ಕೆ ಊರಿ ಹಿಂದೆ ತಿರುಗಿದರು. “ನೀ ಢಂ ಕೇಳಿ ಒತ್ತಿದೇನು?” ನಾನು ಏನೂ ಹೇಳಲಿಲ್ಲ. ಅವರಿಗೆ ಗೊತ್ತಾಯಿತು. “ಹೊಗಿ ನೋಡಬೇಕೋ ತಮ್ಮಾ. ಹೊಗಿ ನೋಡು, ಸಪ್ಪಳ ಕೇಳಬ್ಯಾಡ.” ಅಷ್ಟು ಅಂದು ಮತ್ತೆ ಪೆಡಲ್ ತುಳಿದರು. ಮನೆ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ವಿಷಯ ಬಹಳ ಸರಳ. ಹೊಗೆ ಆ ಕ್ಷಣಕ್ಕೇ ಕಣ್ಣಿಗೆ ಬೀಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ದಾಟಿ ನನ್ನ ಕಿವಿಗೆ ಬರಲು ಸುಮಾರು 0.29 ಸೆಕೆಂಡ್. ಅಷ್ಟು ಹೊತ್ತು ಹುಡುಗಿಯರು ಓಡುತ್ತಲೇ ಇದ್ದರು, ನನ್ನ ವಾಚು ನಿಂತೇ ಇತ್ತು. ಅಂದರೆ ಎರಡನೇ ಹೀಟಿನ 13.2 ನಿಜಕ್ಕೂ 13.5ರ ಆಸುಪಾಸು, 13.3 ಅನ್ನುವುದು 13.6. ರೋಣದ ಹುಡುಗಿ ಮೂರನೆಯವಳಲ್ಲ. ಮೊದಲನೆಯವಳು.

0.29 ಅಂದರೆ ಏನು ಮಹಾ ಅನ್ನಿಸಬಹುದು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಓಡಿದನಲ್ಲ, ಇವತ್ತಿಗೂ ಯಾರೂ ಮುಟ್ಟದ ದಾಖಲೆ, ಆ ಓಟದಲ್ಲಿ ಎರಡನೆಯವನಾದ ಟೈಸನ್ ಗೇ 9.71, ಮೂರನೆಯವನಾದ ಅಸಾಫಾ ಪೊವೆಲ್ 9.84. ಮೊದಲನೆಯವನಿಗೂ ಮೂರನೆಯವನಿಗೂ ನಡುವೆ 0.26. ಜಗತ್ತಿನ ಚಿನ್ನಕ್ಕೂ ಕಂಚಿಗೂ ಇದ್ದ ಅಂತರಕ್ಕಿಂತ ನನ್ನ ಹೆಬ್ಬೆರಳಿನ ತಪ್ಪು ಜಾಸ್ತಿ. ನಾನಿದ್ದ ಸ್ಟೂಲಿನ ಮೇಲೆ ನಿಂತು ಬರ್ಲಿನ್ ಓಟದ ಟೈಮ್ ಹಿಡಿದಿದ್ದರೆ ಏನೇನು ಮಾಡಿ ಇಡುತ್ತಿದ್ದೆನೋ.

ಸರಿಯಾಗಿ ಹಿಡಿದ ಕೈ ಟೈಮೂ ಪೂರ್ತಿ ಸರಿ ಇರುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಹೊಗೆ ಕಂಡು, ಮಿದುಳಿಗೆ ತಿಳಿದು, ಬೆರಳು ಅಲುಗಲು ಒಂದಿಷ್ಟು ಹೊತ್ತು ಬೇಕು. ಅದಕ್ಕೇ ಕೈ ಟೈಮನ್ನು ಎಲೆಕ್ಟ್ರಾನಿಕ್ ಟೈಮಿಗೆ ಹೋಲಿಸುವಾಗ 100 ಮತ್ತು 200 ಮೀಟರಿಗೆ 0.24, 400 ಮೀಟರಿಗೆ 0.14 ಸೇರಿಸುವ ರೂಢಿ ಇದೆ. ಮಿಲ್ಖಾ ಸಿಂಗ್ 1960ರಲ್ಲಿ ರೋಮ್‌ನಲ್ಲಿ ನಾಲ್ಕನೆಯವರಾದಾಗಿನ ಟೈಮ್ ಕೆಲವು ಕಡೆ 45.6, ಕೆಲವು ಕಡೆ 45.73 ಅಂತ ಇರುತ್ತದೆ. ಎರಡೂ ಸುಳ್ಳಲ್ಲ. ಒಂದು ಕೈಯದು, ಇನ್ನೊಂದು ಯಂತ್ರದ್ದು. ಈಗಂತೂ ದೊಡ್ಡ ಓಟಗಳಲ್ಲಿ ಪ್ರತಿ ಲೇನಿನ ಓಟಗಾರರ ಬೆನ್ನ ಹಿಂದೆ ಒಂದೊಂದು ಸ್ಪೀಕರ್ ಇಟ್ಟಿರುತ್ತಾರೆ. ಪಿಸ್ತೂಲಿನ ಹತ್ತಿರದ ಲೇನಿನವರಿಗೆ ಸದ್ದು ಬೇಗ, ದೂರದವರಿಗೆ ತಡ ಆಗಬಾರದಲ್ಲ. ಸದ್ದಾಗಿ 0.1 ಸೆಕೆಂಡಿನೊಳಗೆ ಯಾರಾದರೂ ಕಾಲೂರಿ ನಿಂತ ಬ್ಲಾಕ್ ಬಿಟ್ಟರೆ ಅದು ಕೇಳಿ ಓಡಿದ್ದಲ್ಲ, ಅಂದಾಜಿನ ಮೇಲೆ ಓಡಿದ್ದು ಅಂತ ಫೌಲ್. ಹಾಗೆ ಮೊದಲೇ ಎದ್ದು 2011ರಲ್ಲಿ ದೇಗುವಿನಲ್ಲಿ ಬೋಲ್ಟ್‌ನೇ ಓಡದೆ ಹೊರಗೆ ಹೋದ. ಸದ್ದಿಗೆ ಇಷ್ಟು ಹೆದರುತ್ತಾರೆ ಅವರು. ನಾನು ರಿಬ್ಬನ್ ಹಾಕಿಕೊಂಡು ಜನ ನೋಡುತ್ತಿದ್ದೆ.

ರೈಲ್ವೇದಾಗ ನೌಕರಿ

ಅಂತರರಾಷ್ಟ್ರೀಯ ಓಟಗಾರ್ತಿಯ ಬದುಕು ಅಂದರೆ ನಮಗೆ ಪದಕಗಳ ಪಟ್ಟಿ. ಉಷಾದು ಎಲ್ಲರಿಗೂ ಬಾಯಿಪಾಠ. 1980ರಲ್ಲಿ ಹದಿನಾರು ವರ್ಷಕ್ಕೇ ಮಾಸ್ಕೋ ಒಲಿಂಪಿಕ್ಸ್, 1982ರ ದಿಲ್ಲಿ ಏಷ್ಯಾಡ್‌ನಲ್ಲಿ ಎರಡು ಬೆಳ್ಳಿ, 1985ರಲ್ಲಿ ಜಕಾರ್ತದಲ್ಲಿ ಐದು ಚಿನ್ನ, 1986ರ ಸೋಲ್ ಏಷ್ಯಾಡ್‌ನಲ್ಲಿ ನಾಲ್ಕು ಚಿನ್ನ ಒಂದು ಬೆಳ್ಳಿ. ಆಮೇಲೆ ಹಿಮ್ಮಡಿಯ ನೋವು. ಮದುವೆ, ಮಗು ಆದ ಮೇಲೆ ತಿರುಗಿ ಬಂದು 1998ರಲ್ಲಿ, ಮೂವತ್ತನಾಲ್ಕರಲ್ಲಿ, ಫುಕುವೊಕದಲ್ಲಿ ಮತ್ತೆ ಪದಕ. ನನಗೆ ಈ ಪಟ್ಟಿಗಿಂತ ಜಾಸ್ತಿ ನಾಟುವುದು ಅದರ ಬುಡ. 1976ರಲ್ಲಿ ಕೇರಳ ಸರ್ಕಾರ ಕಣ್ಣೂರಿನಲ್ಲಿ ಹುಡುಗಿಯರ ಕ್ರೀಡಾ ವಿಭಾಗ ಶುರು ಮಾಡಿತು. ಪಯ್ಯೋಳಿಯ ಬಡಕಲು ಹುಡುಗಿ ಅದಕ್ಕೆ ಆಯ್ಕೆಯಾದಳು. ಅಲ್ಲಿ ಕೋಚ್ ಓ.ಎಂ. ನಂಬಿಯಾರ್ ಕಣ್ಣಿಗೆ ಬಿದ್ದಳು. ಅದಕ್ಕೂ ಮೊದಲು ಯಾವುದೋ ಸಾಲಿಯ ಮೈದಾನದಲ್ಲಿ, ಯಾರೋ ಒಬ್ಬ ಮಾಸ್ತರು ಆಕೆಯ ಓಟವನ್ನು ಸರಿಯಾಗಿ ನೋಡಿರಬೇಕಲ್ಲ? ಅವರ ಹೆಬ್ಬೆರಳು ಸರಿ ಇತ್ತು. ಅಷ್ಟೇ ನನಗೆ ತೋಚುವುದು.

ಪದಕ ಬಿಡಿ, ನಮ್ಮ ಕಡೆ ಓಡುವ ಮಕ್ಕಳ ಅಪ್ಪಂದಿರು ಮೊದಲು ಕೇಳುವ ಮಾತೇ ಬೇರೆ. “ರೈಲ್ವೇದಾಗ ನೌಕರಿ ಸಿಗತೈತೇನ್ರಿ?” ಉಷಾ ರೈಲ್ವೆಯಲ್ಲಿ ಕೆಲಸ ಮಾಡಿದವರು. ದೇಶದ ಎಷ್ಟೋ ಓಟಗಾರರಿಗೆ ಅನ್ನ ಕೊಟ್ಟದ್ದು ರೈಲ್ವೆಯ ಕ್ರೀಡಾ ಕೋಟಾ. ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಆದ ಮೇಲಂತೂ ಆ ಆಸೆ ಮನೆ ಬಾಗಿಲಿಗೇ ಬಂದಿದೆ. (ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 1500 ಮೀಟರ್ ಓಟವನ್ನು ಒಂದೂ ತಿರುವಿಲ್ಲದೆ ಅಲ್ಲೇ ಓಡಿಸಿ ಮುಗಿಸಬಹುದು, ಏಳು ಮೀಟರ್ ಉಳಿಯುತ್ತದೆ. ಲಗೇಜ್ ಹಿಡಿದು ಬೋಗಿ ಹುಡುಕುತ್ತಾ ಓಡಿದವರಿಗೆ ಗೊತ್ತು.) ಆದರೆ ಆ ಕೋಟಾದ ಬಾಗಿಲಿಗೆ ಹೋಗಲು ದೊಡ್ಡ ಮಟ್ಟದ ಸರ್ಟಿಫಿಕೇಟ್ ಬೇಕು. ಅದಕ್ಕೆ ರಾಜ್ಯ ಮಟ್ಟ ದಾಟಬೇಕು. ರಾಜ್ಯಕ್ಕೆ ಹೋಗಲು ವಿಭಾಗ, ವಿಭಾಗಕ್ಕೆ ಹೋಗಲು ಜಿಲ್ಲೆ. ಜಿಲ್ಲೆಯಲ್ಲಿ ಸ್ಟೂಲಿನ ಮೇಲೆ ನಾನು.

ಎಷ್ಟೋ ವರ್ಷದ ಮೇಲೆ, ರಿಟೈರ್ ಆಗಿದ್ದ ಮಾಸ್ತರ ಮನೆಗೆ ಹೋದಾಗ ಈ ಮಾತು ತೆಗೆದೆ. ಅವರು ಮರೆತಿರಲಿಲ್ಲ. ಅವತ್ತೇ ರಾತ್ರಿ ಯಾರಿಗಾದರೂ ಹೇಳಬಹುದಿತ್ತಲ್ಲ ಅಂದೆ. ಹೆಸರು ಬರೆದು ಕಳಿಸಿ ಆಗಿತ್ತು, ತಾವೇ ವಾಚು ಬಿಟ್ಟು ಹೋದದ್ದು, ಹೇಳಿದ್ದರೆ ತಮ್ಮ ಕೊರಳಿಗೇ ಬರುತ್ತಿತ್ತು ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಆಮೇಲೆ ಚಹಾದ ಕಪ್ಪು ಕೆಳಗಿಟ್ಟು, “ವಿಭಾಗಕ್ಕ ಹೋಗಿದ್ರೂ ಆಕಿ ಅಲ್ಲೇ ಸೋಲ್ತಿದ್ಲು ತಮ್ಮಾ. 13.4 ಏನು ದೊಡ್ಡದಲ್ಲ. ಭಾಳ ತಲಿ ಕೆಡಿಸ್ಕೋಬ್ಯಾಡ” ಅಂದರು. ಅವರು ಹೇಳಿದ್ದು ನಿಜ ಇರಬಹುದು. ಆಕೆಯನ್ನು ನನ್ನ ಮನಸ್ಸಿನಲ್ಲಿ ಒಲಿಂಪಿಕ್ಸಿಗೆ ಕಳಿಸಿ ಕಣ್ಣೀರು ಹಾಕುವುದು ನನಗೂ ಇಷ್ಟವಿಲ್ಲ. ಅದು ಒಂದು ಥರದ ಶೋಕಿ. ಆದರೆ ಅಲ್ಲಿಗೆ ಹೋಗಿ ಸೋಲುವುದೂ ಆಕೆಯದೇ ಪಾಲು ಅಲ್ವಾ? ಬರಿಗಾಲಲ್ಲಿ ಬೆಳಗಾವಿಗೆ ಹೋಗಿ, ಸ್ಪೈಕ್ಸ್ ಅನ್ನುವ ಮೊಳೆ ಬೂಟು ಹಾಕಿದವರ ಜೊತೆ ನಿಂತು, ಸೋತು, ಬುತ್ತಿ ಉಂಡು ಬರುವುದು. ಆ ಪಾಲನ್ನು ನಾನು ತಿಂದೆ. ಮೇಲೆ ಅವರ ರೊಟ್ಟಿಯನ್ನೂ ತಿಂದೆ.

2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯಾಡ್‌ನಲ್ಲಿ ಭಾರತದ ವಿದ್ಯಾ ರಾಮರಾಜ್ 400 ಮೀಟರ್ ಹರ್ಡಲ್ಸ್ ಹೀಟಿನಲ್ಲಿ ಓಡಿದ ಟೈಮ್ ಟಿವಿಯಲ್ಲಿ ಬಂತು. 55.42. ಮೂವತ್ತೊಂಬತ್ತು ವರ್ಷದ ಮೇಲೆ, ಉಷಾದು ಎಷ್ಟೋ ಅಷ್ಟೇ, ನೂರರ ಒಂದು ಪಾಲೂ ಹೆಚ್ಚುಕಡಿಮೆ ಇಲ್ಲ. ನನ್ನ ಹೆಂಡತಿಗೆ ತೋರಿಸಿದೆ. “ಅಯ್ಯ, ಸರಿಸಮ ಬಂತಲ್ಲ” ಅಂದು ಅಡುಗೆ ಮನೆಗೆ ಹೋದಳು. ನಾನು ಆ ನಾಲ್ಕು ಅಂಕಿಯನ್ನೇ ನೋಡುತ್ತಾ ಕೂತೆ. ಉಷಾ ಸೋತ ಓಟದ ಅಂಕಿಯೂ ಇಷ್ಟು ವರ್ಷ ದಾಖಲೆಯಾಗಿ ಉಳಿಯಿತು, ಇನ್ನೊಬ್ಬಳು ಬಂದು ಮುಟ್ಟಲು ಒಂದು ಗುರುತಾಯಿತು. ರೋಣದ ಹುಡುಗಿಯ 13.4 ಕೂಡ ನಿಜವಾದ ಅಂಕಿಯೇ. ಅದರ ಮೇಲೆ ಕೂತಿದ್ದ ಎರಡು ಅಂಕಿ ಮಾತ್ರ ಸುಳ್ಳು.

ಚಪ್ಪಾಳೆ

ಇತ್ತ ಮೈದಾನದಲ್ಲಿ ಕೋಚ್ ಕೈ ಮೇಲೆತ್ತಿದ್ದ. ಹುಡುಗಿ ಬ್ಲಾಕಿನ ಮೇಲೆ ಬಗ್ಗಿದ್ದಳು, ಹಸಿರು ಸ್ಪೈಕ್ಸು. ನಾನು ಗೆರೆಗೆ ನೇರ ಬಂದು ನಿಂತೆ. ಸ್ಟೂಲು ಇರಲಿಲ್ಲ. ಆ ಎರಡು ಅಂಗೈಗಳನ್ನೇ ನೋಡಿದೆ. ಅವು ಕೂಡಿದ್ದು ಕಂಡಿತು, ಒತ್ತಿದೆ, ಆಮೇಲೆ ‘ಟಪ್’ ಅಂತ ಕೇಳಿತು. ಹುಡುಗಿ ಎದೆ ಚಾಚಿ ಗೆರೆ ದಾಟಿದಳು, ಒತ್ತಿದೆ.

ಏದುಸಿರು ಬಿಡುತ್ತಾ ಬಂದಳು. “ಎಷ್ಟಾತ್ರೀ ಅಂಕಲ್?”

ಮೊಬೈಲಿನಲ್ಲಿ 13.81 ಅಂತ ಇತ್ತು. “ಹದಿಮೂರು ಪಾಯಿಂಟ್ ಒಂಬತ್ತು” ಅಂದೆ.

ಆಕೆ ಬಗ್ಗಿ ಸ್ಕ್ರೀನ್ ನೋಡಿದಳು. “ಎಂಟ್ ಐತೆಲ್ರೀ ಇದರಾಗ!”

“ಕೈ ಟೈಮಿಗೆ ನೂರರ ಲೆಕ್ಕ ಹಿಡಿಯಂಗಿಲ್ಲವಾ. ಮುಂದಿನ ಹತ್ತರ ಪಾಲಿಗೆ ಏರಸಬೇಕು. ರೂಲೈತಿ ಹಂಗ.”

ಕೋಚ್ ಬಂದು ನಗುತ್ತಾ ನಿಂತಿದ್ದ. ಅವನಿಗೂ ಈ ರೂಲು ಗೊತ್ತಿದ್ದಂತೆ ಕಾಣಲಿಲ್ಲ. ಹುಡುಗಿಗೆ ಮಾತ್ರ ಸಿಟ್ಟು ಬಂದಿತ್ತು. ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನು ಮೇಲೆ ಕೆಳಗೆ ನೋಡಿದಳು, ಇವನ್ಯಾರು ನನ್ನ ಟೈಮ್ ತಿನ್ನಲು ಬಂದ ಮುದುಕ ಅನ್ನುವ ಹಾಗೆ. “ಸರ್, ಇನ್ನೊಮ್ಮೆ ಓಡ್ತೀನಿ. ಅಂಕಲ್, ಬರೋಬ್ಬರಿ ನೋಡ್ರಿ ಈ ಸಲ” ಅಂದಳು. ಹೇಳಿ, ಆ ತುದಿಗೆ ನಡೆಯತೊಡಗಿದಳು. ಕೋಚ್ ಆಕೆಯ ಹಿಂದೆ ಹೋದ. ನಾನು ವಾಚು ಸೊನ್ನೆಗೆ ತಂದು, ಕಣ್ಣು ಒರೆಸಿಕೊಂಡು, ಅವನ ಕೈ ಎಲ್ಲಿದೆ ಅಂತ ಹುಡುಕುತ್ತಾ ನಿಂತೆ.